ಭಾವೀ ಲೆಫ್ಟಿನೆಂಟರು

ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ, ಸೂರ್ಯೋದಯಕ್ಕೆ ಇನ್ನೂ ಒಂದು ಗಳಿಗೆ ಉಳಿದಿರುವಾಗಲೇ, ವೈದ್ಯರ ಅಪ್ಪಣೆಗೆ ತಲೆಬಾಗಿ ನಡೆಯುವ ನಮ್ಮಂತಹ ಮಧುಮೇಹಿಗಳ ನಡುವೆ, ಕಿವಿಯ ಮೇಲೆ ಎರಡು ಬೆರಳಗಲ ಕೂದಲು ತೆಗೆಸಿಕೊಂಡು, ಎದೆಯನ್ನು ದೇಹದ ಇತರ ಭಾಗಗಳಿಗಿಂತ ಅರ್ಧ ಗೇಣು ಮುಂದಿಟ್ಟುಕೊಂಡು ಓಡತಕ್ಕ ಹುಡುಗನೊಬ್ಬನು ಕಂಡುಬಂದರೆ, ಅವನನ್ನು ಪೊಲೀಸ್ ಪೇದೆಯ ನೇಮಕಾತಿಗೆ ತಯಾರಾಗುತ್ತಿರುವವನೆಂದು ಭಾವಿಸಿ ಮಾತನಾಡಿಸುವ ಅಚಾತುರ್ಯವನ್ನು ಯಾರೂ ಮಾಡಬಾರದು. ನಮ್ಮ ಬೀದಿಯ ನಿವೃತ್ತ ಪೋಸ್ಟ್‌ಮಾಸ್ತರರು ಒಮ್ಮೆ ಸದುದ್ದೇಶದಿಂದಲೇ, “ಏನಪ್ಪಾ, ರ‍್ಯಾಲಿ ಯಾವತ್ತು?” ಎಂದು ಕೇಳಿಬಿಟ್ಟರು. ಹುಡುಗನು ಓಡುತ್ತಿದ್ದವನು ನಿಂತು, ಹಿಮ್ಮಡಿಗಳನ್ನು ಜೋಡಿಸಿ, “ರ‍್ಯಾಲಿ ಅಲ್ಲ ಸರ್, ಆಫೀಸರ್ ಎಂಟ್ರಿ” ಎಂದು ಉತ್ತರಿಸಿದ ಗಾಂಭೀರ್ಯಕ್ಕೆ ಬೆದರಿ, ಆ ವೃದ್ಧರು ಅಂದಿನಿಂದ ಅವನನ್ನು ಬಹುವಚನದಲ್ಲಿಯೇ ಸಂಬೋಧಿಸತೊಡಗಿದರು. ಬೀದಿಯವರೂ ಅದನ್ನೇ ಅನುಸರಿಸಿದೆವು. ಹೀಗೆ, ಭಾರತ ಸರ್ಕಾರವು ಕೊಡುವುದಕ್ಕೆ ಕನಿಷ್ಠ ನಾಲ್ಕು ವರ್ಷ ಮೊದಲೇ, ನಮ್ಮ ಬೀದಿಯು ಅವರಿಗೆ ಲೆಫ್ಟಿನೆಂಟ್ ಪದವಿಯನ್ನು ದಯಪಾಲಿಸಿತು.

ಪುಣೆಯ ಸಮೀಪದ ಖಡಕ್ವಾಸ್ಲಾದಲ್ಲಿ, ಸಿಂಹಗಡದ ಬೆಟ್ಟವು ಕಾಣುವಂತಹ ರಮಣೀಯ ಪ್ರದೇಶದಲ್ಲಿ, 1955ರಲ್ಲಿ ವಿಧ್ಯುಕ್ತವಾಗಿ ಆರಂಭವಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯೇ, ಅರ್ಥಾತ್ ಎನ್.ಡಿ.ಎ.ಯೇ, ಇವರ ಇಹಪರಗಳೆರಡರ ಗಮ್ಯಸ್ಥಾನ. ಅದರ ಮುಖ್ಯ ಕಟ್ಟಡಕ್ಕೆ ಸುಡಾನ್ ಬ್ಲಾಕ್ ಎಂಬ ಹೆಸರು ಬಂದುದು, ಎರಡನೆಯ ಮಹಾಯುದ್ಧದಲ್ಲಿ ಮಡಿದ ಭಾರತೀಯ ಯೋಧರ ಸ್ಮರಣೆಗಾಗಿ ಸುಡಾನ್ ಸರ್ಕಾರವು ಕೊಟ್ಟ ಒಂದು ಲಕ್ಷ ಪೌಂಡುಗಳ ದೆಸೆಯಿಂದ ಎಂಬುದನ್ನು ಲೆಫ್ಟಿನೆಂಟರು ನಿದ್ರೆಯಲ್ಲಿ ಎಬ್ಬಿಸಿದರೂ ಹೇಳಬಲ್ಲರು. ಒಂದು ಗಂಟೆಯ ಬಸ್ ಪ್ರಯಾಣದಲ್ಲಿರುವ ಹಳೇಬೀಡನ್ನು ಮಾತ್ರ ಶಾಲೆಯ ಪ್ರವಾಸದ ದಿನ ಬಿಸಿಲಿಗೆ ಗೊಣಗುತ್ತ ನೋಡಿದ್ದು ಬಿಟ್ಟರೆ ಮತ್ತೆ ಆ ಕಡೆ ತಲೆಹಾಕಿಲ್ಲ. ಆ ಅಕಾಡೆಮಿಯ ಪ್ರವೇಶಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಲಕ್ಷಗಟ್ಟಲೆ ಜನ ಬರೆಯುತ್ತಾರೆ, ಪ್ರತಿ ಸಲವೂ ಇರುವ ಸ್ಥಾನಗಳು ಸುಮಾರು ನಾನೂರು. ಅಭ್ಯರ್ಥಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷಗಳ ವಯಸ್ಸಿರತಕ್ಕದ್ದು, ಅವಿವಾಹಿತನಾಗಿರತಕ್ಕದ್ದು. ಈ ಎರಡನೆಯ ನಿಬಂಧನೆಯನ್ನು ಕೇಳಿದಾಗ ಅವರ ಅಜ್ಜಿಗೆ ಸರ್ಕಾರದ ಮೇಲೆ ಬೇಸರವೇ ಬಂದಿತು. “ಮೀಸೆ ಮೂಡದ ಕೂಸಿಗೆ ಮದುವೆ ಆಗಿದೆಯೇನೋ ಅಂತ ಅನುಮಾನವೇ ಇವರಿಗೆ? ನಮ್ಮನ್ನು ಏನೆಂದುಕೊಂಡಿದ್ದಾರೆ!”

ಪದವಿಯು ದೂರದಲ್ಲಿದ್ದರೂ ಶಿಸ್ತು ಮನೆಗೆ ಮುಂಚಿತವಾಗಿಯೇ ಆಗಮಿಸಿತು. ನಡುಮನೆಯ ಗೋಡೆಯ ಮೇಲೆ, ತಿರುಪತಿ ವೆಂಕಟರಮಣನ ಕ್ಯಾಲೆಂಡರಿನ ಒಂದು ಮಗ್ಗುಲಲ್ಲಿ ಕಾರ್ಯಪ್ಪನವರೂ ಇನ್ನೊಂದು ಮಗ್ಗುಲಲ್ಲಿ ತಿಮ್ಮಯ್ಯನವರೂ ಜಯವಿಜಯರ ಸ್ಥಾನದಲ್ಲಿ ಪ್ರತಿಷ್ಠಿತರಾದರು. ಅವರ ಕೆಳಗೆ, ಸೇನಾಧಿಕಾರಿಯಾಗತಕ್ಕವನಲ್ಲಿ ಆಯ್ಕೆ ಮಂಡಳಿಯು ಅರಸುವ ಹದಿನೈದು ಗುಣಗಳ ಪಟ್ಟಿ. ಧೈರ್ಯ, ದೃಢಸಂಕಲ್ಪ, ಹೊಣೆಗಾರಿಕೆ, ಸಹಕಾರ, ಶೀಘ್ರನಿರ್ಣಯ ಮೊದಲಾದ ಈ ಗುಣಗಳನ್ನು ಒಟ್ಟಾಗಿ ಸಾಧಿಸುವುದು ಅಶಕ್ಯವೆಂದು ಬಗೆದು, ಲೆಫ್ಟಿನೆಂಟರು ಅವುಗಳಿಗೆ ಒಂದು ವೇಳಾಪಟ್ಟಿಯನ್ನು ರಚಿಸಿಕೊಂಡಿದ್ದರು. ಆತ್ಮವಿಶ್ವಾಸವು ಬೆಳಗ್ಗೆ ಸ್ನಾನಕ್ಕೆ ಮುಂಚೆ, ಕನ್ನಡಿಯ ಎದುರು. ಲವಲವಿಕೆಗೆ ಸಂಜೆ ಆರರಿಂದ ಆರೂವರೆ. ಆ ಅರ್ಧ ಗಂಟೆಯಲ್ಲಿ ಮನೆಯವರಾರೂ ಅವರ ಎದುರಿಗೆ ಸುಳಿಯುತ್ತಿರಲಿಲ್ಲ. ಅಷ್ಟು ಕಠೋರವಾಗಿರುತ್ತಿತ್ತು ಮುಖ. 1919ರಲ್ಲಿ ಇಂದೂರಿನ ಡೇಲಿ ಕಾಲೇಜಿನಿಂದ ಅಧಿಕಾರಿಯಾಗಿ ಹೊರಬಂದ ಕಾರ್ಯಪ್ಪನವರು ಲವಲವಿಕೆಯನ್ನು ಯಾವ ಹೊತ್ತಿನಲ್ಲಿ ಅಭ್ಯಸಿಸುತ್ತಿದ್ದರೋ, ಅವರ ಚರಿತ್ರಕಾರರು ತಿಳಿಸಿದಂತೆ ಕಾಣೆ.

ಧೈರ್ಯವೊಂದೇ ಅವರಿಗೆ ಅಭ್ಯಾಸವಿಲ್ಲದೆ ಒದಗಿಬಂದ ಗುಣ. ಅದೇ ಅವರಿಗೆ ಮುಳುವಾಯಿತು. ಗಣಿತದ ಪತ್ರಿಕೆಯಲ್ಲಿ ಎರಡೂವರೆ ಗಂಟೆಗೆ 120 ಪ್ರಶ್ನೆ, 300 ಅಂಕ. ಸರಿಯುತ್ತರಕ್ಕೆ ಎರಡೂವರೆ ಅಂಕ ಬಂದರೆ, ತಪ್ಪುತ್ತರಕ್ಕೆ ಅದರ ಮೂರನೆಯ ಒಂದು ಪಾಲು, ಎಂದರೆ 0.83 ಅಂಕ, ಕೈಬಿಡುತ್ತದೆ. ಉತ್ತರ ತಿಳಿಯದಿದ್ದರೆ ಸುಮ್ಮನಿರುವವನಿಗೆ ಯಾವ ದಂಡವೂ ಇಲ್ಲ. ಆದರೆ ಯೋಧನಾದವನು ಕಣಕ್ಕೆ ಇಳಿದ ಮೇಲೆ ಹಿಮ್ಮೆಟ್ಟುವುದುಂಟೆ? ಏಪ್ರಿಲ್ ತಿಂಗಳ ಪರೀಕ್ಷೆಯಲ್ಲಿ ಲೆಫ್ಟಿನೆಂಟರು ನೂರಿಪ್ಪತ್ತು ಪ್ರಶ್ನೆಗಳ ಮೇಲೂ ಏಕಕಾಲದಲ್ಲಿ ದಂಡೆತ್ತಿ ಹೋಗಿ, ಗಳಿಸಿದ್ದೆಲ್ಲವನ್ನೂ ಕಪ್ಪಕಾಣಿಕೆಯಾಗಿ ಒಪ್ಪಿಸಿ ಬಂದರು. ಅವರ ತಂದೆಯವರು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಅಸಲೇ ಇಲ್ಲದೆ ಬಡ್ಡಿ ಕಟ್ಟುವ ಈ ಪದ್ಧತಿಯನ್ನು ಅವರು ಬಹಳ ಹೊತ್ತು ಪರಿಶೀಲಿಸಿದರು. ಎರಡು ಪತ್ರಿಕೆಗಳೂ ಸೇರಿ 900 ಅಂಕಗಳಾದರೂ, ಕೆಲವು ವರ್ಷಗಳಲ್ಲಿ 300ರ ಆಸುಪಾಸು ಪಡೆದವರೂ ಉತ್ತೀರ್ಣರಾಗಿರುವರೆಂದು ಮಗನು ವಿವರಿಸಲು, “ಮೂರರಲ್ಲಿ ಒಂದು ಪಾಲು ಬರುವುದಕ್ಕೆ ಇಷ್ಟು ಒದ್ದಾಟವೇನೋ?” ಎಂದರು. ಒದ್ದಾಟವೇ ಹೌದು; ಅದನ್ನು ಅನುಭವಿಸಿದವರೇ ಬಲ್ಲರು.

ಪ್ರಶ್ನೆಪತ್ರಿಕೆಯು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತ್ರ ಇರುತ್ತದೆಯೆಂಬುದನ್ನು ಇಲ್ಲಿ ಹೇಳಲೇಬೇಕು. ಕೊಡಗಿನ ಇಬ್ಬರು ಮಹಾಸೇನಾನಿಗಳನ್ನು ಕೊಟ್ಟ ನಾಡಿನ ಹುಡುಗನು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ತ್ರಿಕೋನಮಿತಿಯನ್ನು ಪರಭಾಷೆಯಲ್ಲಿ ಗುರುತು ಹಿಡಿಯಬೇಕಾದುದು ನ್ಯಾಯವೆಂದು ನನಗೆ ತೋರುವುದಿಲ್ಲ. ಲೆಫ್ಟಿನೆಂಟರು ಈ ಅನ್ಯಾಯವನ್ನು ಎದುರಿಸಿದ ಬಗೆ ಬೇರೆ. ಸಮಾನವಯಸ್ಕರಾದ ನಾಲ್ಕೈದು ಜನರನ್ನು ಕೂಡಿಸಿಕೊಂಡು ಮಹಾರಾಜ ಪಾರ್ಕಿನ ಕಲ್ಲುಬೆಂಚಿನ ಮೇಲೆ ಪ್ರತಿ ಭಾನುವಾರ ಇಂಗ್ಲಿಷಿನಲ್ಲಿ ಗುಂಪು ಚರ್ಚೆಯನ್ನು ನಡೆಸಿದರು. ಚರ್ಚೆಯಲ್ಲಿ ಮೊದಲು ಮಾತನಾಡಿದವನಿಗೆ ನಾಯಕತ್ವದ ಅಂಕ ದೊರೆಯುವುದೆಂಬ ಪ್ರತೀತಿಯಿದ್ದ ಕಾರಣ ಎಲ್ಲರೂ ಒಟ್ಟಿಗೆ ಆರಂಭಿಸಿ, ಎಲ್ಲರೂ ಒಟ್ಟಿಗೆ ಮುಗಿಸುತ್ತಿದ್ದರು. ವಿಷಯವೇನೆಂದು ಕಡಲೆಕಾಯಿ ಮಾರುವವನು ಕೇಳಿದಾಗ ಯಾರಿಗೂ ನೆನಪಿರಲಿಲ್ಲ.

ಲಿಖಿತ ಪರೀಕ್ಷೆಯಾದರೂ ಪುಸ್ತಕದ ಮಟ್ಟಿಗೆ ನಿಲ್ಲುವಂಥದು. ಅದರ ಮುಂದಿನದು ಎಸ್.ಎಸ್.ಬಿ., ಅರ್ಥಾತ್ ಆಯ್ಕೆ ಮಂಡಳಿಯು ಐದು ದಿವಸ ನಡೆಸುವ ಪರೀಕ್ಷೆ; ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ರೂಢಿಗೆ ತಂದ ಈ ಪದ್ಧತಿಯು ಮನೆಯ ಒಳಗನ್ನೇ ಹೊಕ್ಕುಬಿಡುತ್ತದೆ. ಮೈದಾನದ ಕಾರ್ಯಗಳಲ್ಲಿ ಹಲಗೆ, ಮರದ ತೊಲೆ, ಹಗ್ಗ ಇವುಗಳ ನೆರವಿನಿಂದ ತಂಡವು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ದಾಟಬೇಕು. ಕೆಂಪು ಬಣ್ಣ ಬಳಿದ ಭಾಗವನ್ನು ಮನುಷ್ಯರಾಗಲಿ ಸಾಮಾನಾಗಲಿ ಮುಟ್ಟಕೂಡದು. ಇದನ್ನು ಓದಿದ ದಿನದಿಂದ ಲೆಫ್ಟಿನೆಂಟರ ಗೃಹಜೀವನವು ವಿಕಟವಾಯಿತು. ಏಕೆಂದರೆ ಅವರದು ಅಜ್ಜನ ಕಾಲದ ಮನೆ, ಪಡಸಾಲೆಯಿಂದ ಅಡಿಗೆಮನೆಯವರೆಗೂ ನಿಗಿನಿಗಿ ಹೊಳೆಯುವ ಕೆಂಪು ಗಾರೆಯ ನೆಲ. ಬೆಳಗಿನ ಕಾಫಿಯ ಲೋಟವನ್ನು ಪಡೆಯಲು ಅವರು ಒಂದು ಮಣೆಯನ್ನು ಮುಂದೆ ಹಾಕಿ ಅದರ ಮೇಲೆ ನಿಂತು, ಹಿಂದಿನ ಮಣೆಯನ್ನು ಎತ್ತಿ ಮುಂದಕ್ಕಿಟ್ಟು, ತಮ್ಮ ತಂಗಿಯನ್ನು ಅಧೀನ ಸಿಬ್ಬಂದಿಯಾಗಿ ನಿಯಮಿಸಿಕೊಂಡು ಸಾಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಡಿಗೆಮನೆಯ ಹೊಸಲನ್ನು ತಲುಪುವ ಹೊತ್ತಿಗೆ ಕಾಫಿ ಆರಿರುತ್ತಿತ್ತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಹುಡುಗಿಯರೂ ಈ ಪರೀಕ್ಷೆಯನ್ನು ಬರೆಯಬಹುದೆಂದಾದ ಸಂಗತಿಯನ್ನು ಅಧೀನ ಸಿಬ್ಬಂದಿಯು ಎಲ್ಲಿಯೋ ಓದಿಕೊಂಡು ಬಂದ ಮೇಲೆ ಮಣೆ ಎತ್ತಿಕೊಡುವುದಕ್ಕೆ ಮೊದಲಿನ ಉತ್ಸಾಹ ಉಳಿಯಲಿಲ್ಲ.

ಮನೋವೈಜ್ಞಾನಿಕ ಪರೀಕ್ಷೆಗಳಲ್ಲಿ ಒಂದೊಂದು ಪದಕ್ಕೆ ಹದಿನೈದು ಸೆಕೆಂಡುಗಳಂತೆ ಅರವತ್ತು ಪದಗಳನ್ನು ತೋರಿಸುತ್ತಾರೆ. ಮನಸ್ಸಿಗೆ ಥಟ್ಟನೆ ಹೊಳೆದ ವಾಕ್ಯವನ್ನು ಬರೆಯಬೇಕು. ಥಟ್ಟನೆ ಹೊಳೆಯುವುದಕ್ಕೆ ಆರು ತಿಂಗಳ ಸಾಧನೆ ಬೇಕೆಂಬುದು ಲೆಫ್ಟಿನೆಂಟರ ಸಿದ್ಧಾಂತ. ಊಟದ ಹೊತ್ತಿನಲ್ಲಿ ಅವರ ತಾಯಿ, “ಹುಳಿ?” ಎಂದು ಸೌಟು ಹಿಡಿದು ಕೇಳಿದರೆ, “ಹುಳಿಯು ತರಕಾರಿಗಳಲ್ಲಿ ಐಕ್ಯವನ್ನು ಸಾಧಿಸುತ್ತದೆ” ಎಂಬ ಉತ್ತರ. ಅಜ್ಜಿಯು ಬೇಸತ್ತು, “ನನಗೆ ಸಾವಾದರೂ ಬರಬಾರದೆ” ಎಂದರೆ, “ಸಾವು ವೀರನಿಗೆ ಅಲಂಕಾರ.” ಮಸುಕಾದ ಚಿತ್ರವೊಂದನ್ನು ಅರ್ಧ ನಿಮಿಷ ನೋಡಿ ನಾಲ್ಕು ನಿಮಿಷಗಳಲ್ಲಿ ಕಥೆ ಬರೆಯುವ ಪರೀಕ್ಷೆಯೂ ಒಂದಿದೆ. ಲೆಫ್ಟಿನೆಂಟರ ಕಥೆಗಳ ನಾಯಕನ ಹೆಸರು ಯಾವಾಗಲೂ ಅರ್ಜುನ್. ಚಿತ್ರದಲ್ಲಿ ಮುದುಕಿ ಇರಲಿ, ದೋಣಿ ಇರಲಿ, ಒಲೆಯ ಮುಂದೆ ಅಳುವ ಹೆಂಗಸಿರಲಿ, ಕೊನೆಗೆ ಅರ್ಜುನನು ಹಳ್ಳಿಯಲ್ಲಿ ರಕ್ತದಾನ ಶಿಬಿರವನ್ನು ಏರ್ಪಡಿಸುತ್ತಾನೆ. ಹನ್ನೆರಡನೆಯದಾಗಿ ಏನೂ ಇಲ್ಲದ ಬಿಳಿಯ ಹಾಳೆಯನ್ನು ತೋರಿಸುತ್ತಾರೆ. ಅಲ್ಲಿಯೂ ಶಿಬಿರವೇ.

ಇನ್ನು ಮೂವತ್ತು ನಿಮಿಷಗಳಲ್ಲಿ ಅರವತ್ತು ವಿಷಮ ಸನ್ನಿವೇಶಗಳಿಗೆ ಪರಿಹಾರ ಬರೆಯುವ ಪರೀಕ್ಷೆ. ರೈಲಿನಲ್ಲಿ ದರೋಡೆಕೋರರು ಹೊಕ್ಕರೆ, ಕಾಡಿನಲ್ಲಿ ದಾರಿ ತಪ್ಪಿದರೆ, ಪರೀಕ್ಷೆಗೆ ಹೋಗುವ ದಾರಿಯಲ್ಲಿ ಅಪಘಾತವನ್ನು ಕಂಡರೆ ಏನು ಮಾಡುವಿರಿ? ಲೆಫ್ಟಿನೆಂಟರು ಒಂದೇ ವಾಕ್ಯದಲ್ಲಿ ದರೋಡೆಕೋರರನ್ನು ಕಟ್ಟಿಹಾಕಿ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪರೀಕ್ಷೆಗೆ ವೇಳೆಗೆ ಮುಂಚಿತವಾಗಿ ತಲುಪುತ್ತಿದ್ದರು. ಆ ಬೇಸಿಗೆಯಲ್ಲಿ ಅಜ್ಜಿಯು ಅರಳು ಸಂಡಿಗೆ ಇಟ್ಟು, ತಾರಸಿಯ ಮೇಲೆ ಹಳೆಯ ಪಂಚೆಯನ್ನು ಹಾಸಿ ಒಣಹಾಕಿ, ಕಾವಲಿಗೆ ಮೊಮ್ಮಗನನ್ನು ಕೂರಿಸಿ ಬಂದರು. ಲೆಫ್ಟಿನೆಂಟರು ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಳಿತು ನಲವತ್ತೊಂದನೆಯ ಸನ್ನಿವೇಶವನ್ನು ಪರಿಹರಿಸುತ್ತಿರುವಾಗ ಪಕ್ಕದ ಮನೆಯ ತೆಂಗಿನ ಮರದಿಂದ ನಾಲ್ಕು ಕೋತಿಗಳು ಇಳಿದುವು. ನಮ್ಮ ಮಹಡಿಯಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ. ಲೆಫ್ಟಿನೆಂಟರು ಎದ್ದು ನಿಂತರು, ಓಡಲಿಲ್ಲ. ಆತುರವು ಅಧಿಕಾರಿಗೆ ಭೂಷಣವಲ್ಲ. ಶತ್ರುಬಲವನ್ನು ಎಣಿಸಿದರು. ಲಭ್ಯವಿರುವ ಸಾಧನಗಳನ್ನು ಗಮನಿಸಿದರು: ಒಂದು ಬಿದಿರುಕೋಲು, ಒಂದು ಪ್ಲಾಸ್ಟಿಕ್ ಬಕೆಟ್ಟು, ಬಟ್ಟೆ ಒಣಗಿಸುವ ಹಗ್ಗ. ಆದ್ಯತೆಗಳನ್ನು ಬೆರಳು ಮಡಿಚಿ ಕ್ರಮವಾಗಿ ಜೋಡಿಸಿಕೊಂಡರು. ಅಷ್ಟರಲ್ಲಿ ಹಿರಿಯ ಕೋತಿಯು ಪಂಚೆಯ ಎರಡು ತುದಿಗಳನ್ನು ಒಟ್ಟುಗೂಡಿಸಿ ಎಳೆಯತೊಡಗಿತು. ಸಂಘಟನಾ ಸಾಮರ್ಥ್ಯವೆಂದರೆ ಅದು. ಮೆಟ್ಟಿಲು ಹತ್ತಿ ಬಂದ ಎಪ್ಪತ್ತೈದರ ಅಜ್ಜಿಯು ಏನನ್ನೂ ಎಣಿಸದೆ ಕಾಲಿನ ಹವಾಯಿ ಚಪ್ಪಲಿಯನ್ನು ತೆಗೆದು ಬೀಸಿದರು. ಗುರಿ ತಪ್ಪಿತಾದರೂ, ಜೊತೆಗೆ ಬಂದ ಬೈಗುಳದ ರಭಸಕ್ಕೆ ಕೋತಿಗಳು ಚದುರಿದುವು. “ಮಗ ಏನು ಮಾಡ್ತಿದ್ದೆಯೋ?” ಎಂದರೆ, “ಪ್ಲ್ಯಾನ್ ಮಾಡ್ತಿದ್ದೆ ಅಜ್ಜಿ” ಎಂದರು ಲೆಫ್ಟಿನೆಂಟರು.

ವೈದ್ಯಕೀಯ ತಪಾಸಣೆಯ ಭಯವು ಬೇರೊಂದು ಪರ್ವ. ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆಯೇ, ಅಂಗಾಲು ಚಪ್ಪಟೆಯೇ ಎಂಬ ಚಿಂತೆಯಿಂದ ಒದ್ದೆ ಪಾದದ ಗುರುತನ್ನು ಬಚ್ಚಲುಮನೆಯ ಹೊರಗೆಲ್ಲ ಮೂಡಿಸಿ ಅಳೆಯುತ್ತಿದ್ದರೆಂದಷ್ಟೇ ಹೇಳಿ ಮುಂದೆ ಹೋಗುವೆನು.

ಸೆಪ್ಟೆಂಬರಿನ ಪರೀಕ್ಷೆಯ ಹಿಂದಿನ ರಾತ್ರಿ ಲೆಫ್ಟಿನೆಂಟರಿಗೆ ನೂರಾಮೂರು ಡಿಗ್ರಿ ಜ್ವರ. ಧೈರ್ಯವು ಕುಗ್ಗಿತ್ತು, ಆದುದರಿಂದ ತಿಳಿದ ಪ್ರಶ್ನೆಗಳಿಗೆ ಮಾತ್ರ ಉತ್ತರಿಸಿ, ಉಳಿದುದನ್ನು ಮುಟ್ಟದೆ ಬಂದು ಮಲಗಿದರು. ಉತ್ತೀರ್ಣರಾದರು. ಬೆಂಗಳೂರಿನ ಕಬ್ಬನ್ ರಸ್ತೆಯ ಆಯ್ಕೆ ಕೇಂದ್ರದಿಂದ ಕರೆ ಬಂದಾಗ ಬೀದಿಗೆಲ್ಲ ಸಂಭ್ರಮ; ಪೋಸ್ಟ್‌ಮಾಸ್ತರರು ತಮ್ಮ ಷೂ ಪಾಲಿಷನ್ನೇ ಕೊಟ್ಟರು. ಮೊದಲ ದಿನದ ಜರಡಿಯಲ್ಲಿಯೇ ಬಹುಪಾಲು ಹುಡುಗರು ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತಾರೆ. ನಮ್ಮವರು ಅಲ್ಲಿ ನಿಂತರು; ಹೆಸರನ್ನು ಕಳಚಿ ಎದೆಗೆ ಸಂಖ್ಯೆಯನ್ನು ಕಟ್ಟಿಕೊಂಡು ಐದು ದಿವಸಗಳನ್ನೂ ಪೂರೈಸಿದರು. ಬಂದ ದಿನ ಅಜ್ಜಿಯ ವಿಚಾರಣೆ ನಡೆಯಿತು.

“ಕೊನೇ ದಿನ ದೊಡ್ಡ ದೊಡ್ಡ ಆಫೀಸರುಗಳೆಲ್ಲ ಮೇಜಿನ ಸುತ್ತ ಕೂತಿದ್ದರು ಅಂದೆಯಲ್ಲ, ಏನು ಕೇಳಿದರು?”

“ಇಲ್ಲಿ ಊಟ, ವಸತಿ ಹೇಗಿತ್ತು ಅಂತ ಕೇಳಿದರು.”

“ನೀನೇನಂದೆ?”

“ಊಟವು ಸೈನಿಕನ ಮನೋಸ್ಥೈರ್ಯದ ತಳಹದಿ, ಸರ್, ಅಂದೆ.”

ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೆನ್ನಾಗಿತ್ತು ಅಂತ ಹೇಳಿದ್ದರೆ ಆಗ್ತಿತ್ತಲ್ಲೋ” ಎಂದರು.

ಆಯ್ಕೆಯಾದವರ ಸಂಖ್ಯೆಗಳನ್ನು ಕೂಗಿದಾಗ ಅವರ ಸಂಖ್ಯೆ ಬರಲಿಲ್ಲ. ಈಗ ಅವರು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾರೆ, ಪದವೀಧರರಿಗಾಗಿ ಸಿ.ಡಿ.ಎಸ್. ಎಂಬ ಬೇರೊಂದು ಬಾಗಿಲಿದೆ, ಡೆಹ್ರಾಡೂನಿನ ಅಕಾಡೆಮಿಗೆ ಇಪ್ಪತ್ನಾಲ್ಕರವರೆಗೂ ಅವಕಾಶವುಂಟು. ಅಜ್ಜಿಗೆ ಅಲ್ಲಿಯೂ ಮದುವೆಯ ನಿಬಂಧನೆಯಿರುವುದೊಂದೇ ಕೊರಗು. ಕ್ರೀಡಾಂಗಣದ ಮೆಟ್ಟಿಲ ಮೇಲೆ ಲೆಫ್ಟಿನೆಂಟರ ಸುತ್ತ ಹೊಸ ಕ್ಷೌರದ ಐದಾರು ಎಳೆಯರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಕಬ್ಬನ್ ರಸ್ತೆಯನ್ನು ಕಂಡು ಬಂದವರೆಂದು ಇವರಿಗೆ ಅಪಾರ ಗೌರವ. ಮೊನ್ನೆ ನಾನು ನಡೆಯುತ್ತ ಹೋಗುವಾಗ ಒಬ್ಬನು ಪೆನ್ನೆತ್ತಿ, “ಅಲ್ಲಿ ಮುಖ್ಯವಾಗಿ ಏನು ನೋಡ್ತಾರೆ ಅಣ್ಣ?” ಎಂದು ಕೇಳಿದನು.

“ಸಹಜವಾಗಿ ಇದ್ದೀವಾ ಅಂತ ನೋಡ್ತಾರೆ,” ಎಂದರು ಲೆಫ್ಟಿನೆಂಟರು. “ಬರೆದುಕೋ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಭಾನುವಾರ ರಜಾ ಇಲ್ಲ.”