ಶಿಲೋದ್ಯಾನದ ರಾಯರು

ನಿವೃತ್ತಿವೇತನವೂ ಬಿಡುವೂ ಏಕಕಾಲಕ್ಕೆ ಕೈಸೇರಿದ ಮನುಷ್ಯನು ಭಗವದ್ಗೀತೆಗೋ ದಾಯಾದಿಗಳ ವ್ಯಾಜ್ಯಕ್ಕೋ ಶರಣಾಗುವುದು ಲೋಕರೂಢಿಯೇ ಆದರೂ, ಈ ಎರಡರಲ್ಲಿಯೂ ರುಚಿಯಿಲ್ಲದ ಮೂರನೆಯ ಪಂಗಡವೊಂದುಂಟು: ತಾವಿರುವ ನೆಲದಲ್ಲಿ ಯಾವುದು ಬೆಳೆಯಲಾರದೋ ಅದನ್ನೇ ಬೆಳೆದು ತೋರಿಸುವೆವೆಂದು ಕಂಕಣ ಕಟ್ಟಿದವರದು. ಈ ಪಂಗಡದ ನಿಷ್ಕಲ್ಮಷ ಮಾದರಿಯನ್ನು ಕಾಣಬಯಸುವವರು ಮಡಕಶಿರಾ ಸೀಮೆಯ ಹೇಮಾವತಿಗೆ ಬಂದು, ನಮ್ಮ ರಾಯರ ಹಿತ್ತಲಿಗೆ ದಯಮಾಡಿಸಬೇಕು.

ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಈ ಊರಿನಲ್ಲಿ, ಕಲ್ಲಿನಿಂದ ಏನೇನು ಮಾಡಿಸಬಹುದೋ ಅದನ್ನೆಲ್ಲ ಒಂಬತ್ತು, ಹತ್ತನೆಯ ಶತಮಾನಗಳ ಶಿಲ್ಪಿಗಳೇ ಮಾಡಿಸಿ ಮುಗಿಸಿದ್ದಾರೆ. ಅವರ ಕೈಯಲ್ಲಿ ಕಲ್ಲು ಬಳ್ಳಿಯಾಗಿ ಹಬ್ಬಿದೆ, ಹೂವಾಗಿ ಅರಳಿದೆ, ಇನ್ನು ಕೆಲವು ಕಲ್ಲುಗಳಂತೂ ಮದರಾಸಿನ ವಸ್ತುಸಂಗ್ರಹಾಲಯದವರೆಗೆ ಪ್ರಯಾಣವನ್ನೂ ಮಾಡಿವೆ. ಉಳಿದಿದ್ದುದು ಒಂದೇ ಕಾರ್ಯ: ಕಲ್ಲಿನ ಸಂದಿಯಲ್ಲಿ ಹಿಮಪ್ರದೇಶದ ಜೀವಂತ ಪುಷ್ಪವನ್ನು ಅರಳಿಸುವುದು. ಅದನ್ನು ರಾಯರು ವಹಿಸಿಕೊಂಡರು.

ಸ್ವಿಟ್ಜರ್ಲೆಂಡಿನಲ್ಲಿರುವ ಮಗನ ಮನೆಯಿಂದ ಅನ್ಯರು ಗಡಿಯಾರವನ್ನೋ ಚಾಕೊಲೇಟನ್ನೋ ತಂದರೆ, ರಾಯರು ತಂದದ್ದು ಎಡೆಲ್ವೈಸ್ ಎಂಬ ಪುಷ್ಪದ ಒಂದು ಪೊಟ್ಟಣ ಬೀಜ. ಆಲ್ಪ್ಸ್ ಪರ್ವತದಲ್ಲಿ ಆರು ಸಾವಿರದಿಂದ ಹತ್ತು ಸಾವಿರ ಅಡಿಗಳ ನಡುವೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಬೇರೂರಿ, ಚಳಿಗಾಲವೆಲ್ಲ ಹಿಮದ ಹೊದಿಕೆಯಡಿಯಲ್ಲಿ ನಿದ್ರಿಸಿ, ಎಲೆ ಹೂಗಳ ಮೇಲೆ ಬಿಳಿಯ ರೋಮಗಳನ್ನು ಹೊದ್ದು ಗಾಳಿಬಿಸಿಲುಗಳನ್ನು ತಡೆದುಕೊಳ್ಳುವ ಗಿಡವದು. ಇಂಥ ಗಟ್ಟಿಜೀವಕ್ಕೆ ಎರಡು ಸಾವಿರ ಅಡಿಯ ಹೇಮಾವತಿ ಯಾವ ಲೆಕ್ಕ ಎಂಬುದು ರಾಯರ ತರ್ಕ. ಗಟ್ಟಿಗನನ್ನು ಕೊಲ್ಲಲು ಚಳಿಯೇ ಬೇಕೆಂದಿಲ್ಲ, ಚಳಿಯ ಅಭಾವವೂ ಸಾಕೆಂಬ ವಿಚಾರ ಆ ತರ್ಕದೊಳಗೆ ಪ್ರವೇಶ ಪಡೆಯಲಿಲ್ಲ.

ರೆಜಿನಾಲ್ಡ್ ಫ್ಯಾರರ್ ಎಂಬ ಆಂಗ್ಲನು 1907ರಲ್ಲಿ ಪ್ರಕಟಿಸಿದ ಶಿಲೋದ್ಯಾನದ ಗ್ರಂಥವು ರಾಯರ ನಿತ್ಯಪಾರಾಯಣ. ಅದರಲ್ಲಿ ಆ ಮಹನೀಯನು, ಮಣ್ಣಗುಡ್ಡೆಯ ಮೇಲೆ ಕಲ್ಲುಗಳನ್ನು ಚಪ್ಪಟೆಯಾಗಿ ಮಲಗಿಸಿದ ತೋಟಗಳನ್ನು ನಾಯಿಯ ಸಮಾಧಿಗೆ ಹೋಲಿಸಿ ಗೇಲಿ ಮಾಡಿರುವನಾಗಿ, ತಮ್ಮ ತೋಟ ಯಾವ ಕೋನದಿಂದಲೂ ನಾಯಿಯ ಸಮಾಧಿಯಂತೆ ತೋರಬಾರದೆಂಬ ಭೀತಿಯಿಂದ ರಾಯರು ಟ್ರ್ಯಾಕ್ಟರುಗಟ್ಟಲೆ ಬಂಡೆಗಳನ್ನು ತರಿಸುವುದೂ, ಇರಿಸುವುದೂ, ದೂರ ನಿಂತು ನೋಡಿ ಮತ್ತೆ ತೆಗೆಸುವುದೂ ನಡೆದೇ ಇತ್ತು. ಪಕ್ಕದ ಹೊಲದ ಕಡಲೆಕಾಯಿ ರೈತ ಈ ವೈಭವವನ್ನು ಬಹುಕಾಲ ಮೌನವಾಗಿ ವೀಕ್ಷಿಸಿ, ಕೊನೆಗೊಮ್ಮೆ ಬಾಯಿಬಿಟ್ಟ: “ಸ್ವಾಮಿ, ನಮ್ಮಪ್ಪ ಹೊಲದಾಗಿನ ಕಲ್ಲು ಆಯ್ದು ಆಯ್ದು ಸೊಂಟ ಕಳ್ಕೊಂಡ. ನೀವು ದುಡ್ಡು ಕೊಟ್ಟು ತರಿಸ್ತೀರಲ್ಲ! ಮುಂಚೇನೇ ಹೇಳಿದ್ರೆ ಬಿಟ್ಟಿ ತಂದು ಸುರೀತಿದ್ವಿ.” ರಾಯರು ಕನಿಕರದಿಂದ ನಕ್ಕರು, ಅವನು ಫ್ಯಾರರನನ್ನು ಓದಿರಲಿಲ್ಲ.

ಬೀಜಗಳು ಮೊಳೆಯಲು ಮೊದಲು ಕೆಲವು ವಾರಗಳ ಶೀತ ಬೇಕೆಂಬ ಶಾಸ್ತ್ರವಿಧಿಯನ್ನನುಸರಿಸಿ ಅವು ಫ್ರಿಜ್ಜಿನಲ್ಲಿ ದೋಸೆಹಿಟ್ಟಿಗೂ ಮೊಸರಿಗೂ ನಡುವೆ ಪ್ರತಿಷ್ಠಾಪಿತವಾದವು. ಕರೆಂಟು ಹೋದಾಗಲೆಲ್ಲ ರಾಯರು ಆಲ್ಪ್ಸಿನಲ್ಲಿ ಅಕಾಲ ವಸಂತ ಬಂದೀತೆಂದು ಚಡಪಡಿಸುವರು. ಮನೆಯಾಕೆಯವರು ಮಾತ್ರ, “ನಿಮ್ಮ ಹಿಮಾಲಯ ಸ್ವಲ್ಪ ಆಚೆ ಸರಿದರೆ ಹಾಲಿಡಬಹುದು” ಎನ್ನುವರು. ಬಂಡೆ ಕಾದು ಕೆಂಡವಾಗುವ ಚೈತ್ರ ವೈಶಾಖಗಳಲ್ಲಿ ಮಂಜುಗಡ್ಡೆಯ ತುಣುಕುಗಳನ್ನು ಬುಡಕ್ಕೆ ಇರಿಸುವ ಸೇವೆಯೂ ನಡೆಯಿತು. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು ಆಗಿರುವ ನಮ್ಮ ಗಡಿಯೂರಿನಲ್ಲಿ ರಾಯರ ಹಿತ್ತಲ ಮಾತು ಮಾತ್ರ ಲ್ಯಾಟಿನ್. ಪ್ರತಿಯೊಂದು ಕುಳಿಗೂ ತಗಡಿನ ನಾಮಫಲಕವಿದ್ದು, ಫಲಕಗಳು ಮಾತ್ರ ಹುಲುಸಾಗಿದ್ದವು.

ಸಸಿಗಳು ಮಡಿದವು. ಮಡಿದಾಗಲೆಲ್ಲ ರಾಯರ ನಿದಾನ ಒಂದೇ: “ನೀರಿಳಿತ ಸರಿಯಿಲ್ಲ, ಬೇರು ಕೊಳೆಯಿತು.” ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಕಾಣುವ ಅನಂತಪುರದ ಸೀಮೆಯಲ್ಲಿ ನಿಂತು, ಗಿಡವೊಂದು ನೀರು ಹೆಚ್ಚಾಗಿ ಸತ್ತಿತೆಂದು ಹೇಳುವುದಕ್ಕೆ ಅಸಾಧಾರಣ ಧೈರ್ಯ ಬೇಕು. ಹವೆಯನ್ನಾಗಲಿ, ಸೂರ್ಯನನ್ನಾಗಲಿ ಅವರು ಎಂದೂ ದೂರಲಿಲ್ಲ. ಕಲ್ಲುಗಳ ನಡುವೆ ಯಾರೂ ಕರೆಯದೆ ಬಂದು ನಿಲ್ಲುತ್ತಿದ್ದ ತುಂಬೆ, ತಂಗಡಿಗಳನ್ನು ಮಾತ್ರ ಪ್ರತಿ ಬೆಳಗ್ಗೆ ನಿರ್ದಾಕ್ಷಿಣ್ಯವಾಗಿ ಕಿತ್ತೊಗೆಯುವರು.

ಕಟ್ಟಕಡೆಗೆ, ಒಳ್ಳೆಯ ಮಳೆ ಬಿದ್ದ ಒಂದು ವರ್ಷ, ಎಡೆಲ್ವೈಸಿನ ಫಲಕದಡಿಯಲ್ಲಿಯೇ ಮೊಳಕೆಯೊಂದು ಕಾಣಿಸಿತು. ಭೂತಗನ್ನಡಿಯಲ್ಲಿ ನೋಡಿದರೆ ಎಲೆಯ ಮೇಲೆ ರೋಮ! ರಾಯರು ಅದಕ್ಕೆ ಕೊಡೆ ಕಟ್ಟಿಸಿದರು, ಸುತ್ತ ಜಲ್ಲಿ ಹಾಸಿದರು, ಬಂಧುಮಿತ್ರರನ್ನು ಕಾಫಿಗೆ ಕರೆದು ಆಲ್ಪ್ಸಿನ ವೃತ್ತಾಂತವನ್ನು ನಿರೂಪಿಸಿದರು. ಬಿಳಿಯ ಮೊಗ್ಗು ಕಂಡ ದಿನ ಸ್ವಿಟ್ಜರ್ಲೆಂಡಿಗೆ ಛಾಯಾಚಿತ್ರವೂ ಹೋಯಿತು. ಅದೇ ಸಮಯಕ್ಕೆ, ಸಿದ್ಧೇಶ್ವರನ ಗುಡಿಗೆ ಹೂ ಬಿಡಿಸಿಕೊಂಡು ಹೋಗುವ ಅಜ್ಜಿಯೊಬ್ಬಳು ಬೇಲಿಯಾಚೆ ನಿಂತು, “ಇದೇನ್ ಸ್ವಾಮಿ, ತುಂಬೆ ಗಿಡಕ್ಕೆ ಕೊಡೆ ಹಿಡ್ಸಿದೀರ? ನಾಕು ಹೂ ಕಿತ್ಕೊಳ್ಳಲಾ, ಸಿದ್ದಪ್ಪಂಗೆ?” ಎಂದಳು.

ಬೇರೆಯವರಾಗಿದ್ದರೆ ಕುಗ್ಗಿಹೋಗುತ್ತಿದ್ದರು. ಆದರೆ ಈ ಪಂಗಡದವರ ಜೀವಸತ್ತ್ವವಿರುವುದೇ ಇಂಥ ಗಳಿಗೆಯಲ್ಲಿ. ರಾಯರು ಆ ರಾತ್ರಿಯೇ ಪುಸ್ತಕಗಳನ್ನು ತೆರೆದು, ಮರುದಿನ ‘ಲ್ಯೂಕಸ್ ಆಸ್ಪೆರಾ’ ಎಂಬ ಹೊಸ ಫಲಕವನ್ನು ನೆಡಿಸಿದರು. ಆ ಹೆಸರು ಬಂದ ಕ್ಷಣದಿಂದ ಕಳೆಯಾಗಿದ್ದುದು ಸಂಗ್ರಹವಾಯಿತು. ಅಜ್ಜಿಗೆ ಹೂ ಕೀಳುವ ಅನುಮತಿ ನಿರಾಕೃತವಾಯಿತು. ಸಿದ್ಧೇಶ್ವರನು ಬೇರೆ ಹಿತ್ತಲಿನ ತುಂಬೆಯಿಂದ ತೃಪ್ತನಾಗಬೇಕಾಯಿತು. ಗಿಡಕ್ಕೆ ಬೆಳಗ್ಗೆ ಸಂಜೆ ನೀರು, ಹದಿನೈದು ದಿನಕ್ಕೊಮ್ಮೆ ಗೊಬ್ಬರ, ಮಧ್ಯಾಹ್ನ ನೆರಳು, ಬುಡಕ್ಕೆ ಮಂಜುಗಡ್ಡೆ. ನೊಳಂಬರು ಬಂದಾಗಲೂ ಹೋದಾಗಲೂ ಕೇಳುವವರಿಲ್ಲದೆ ಬದುಕಿಕೊಂಡಿದ್ದ ಕುಲದ ಆ ತುಂಬೆ, ರಾಯರ ಆರೈಕೆಯನ್ನು ತಿಂಗಳೊಪ್ಪತ್ತು ಸಹಿಸಿ ಪ್ರಾಣ ಬಿಟ್ಟಿತು.

ರಾಯರು ಬೇರನ್ನು ಕಿತ್ತು, ಭೂತಗನ್ನಡಿಯಿಂದ ದೀರ್ಘಕಾಲ ಪರೀಕ್ಷಿಸಿ, ನೀರಿಳಿತದ ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಬೇರೆಯ ತೀರ್ಪನ್ನಿತ್ತರು:

“ಈ ಜಾತಿಗೆ ನಮ್ಮೂರ ಹವೆ ಒಗ್ಗುವುದಿಲ್ಲ.”