ಸ್ವಗೃಹನಿರ್ಮಿತ ಓಜೋನ್ ಯಂತ್ರದ ತ್ರಿದೋಷನಿದಾನ

ರೋಗಿಯ ನಾಡಿ ಹಿಡಿಯುವ ಮುನ್ನ ಕುಲಗೋತ್ರಗಳನ್ನು ವಿಚಾರಿಸುವುದು ಶಿಷ್ಟಾಚಾರವಾದುದರಿಂದ, ನಮ್ಮ ಅಟ್ಟದ ಮೇಲೆ ಮೂರು ದಿನಗಳಿಂದ ಎಳ್ಳಷ್ಟೂ ವಾಸನೆ ಹೊರಡಿಸದೆ ಮೌನವ್ರತ ಹಿಡಿದಿರುವ ಓಜೋನ್ ಯಂತ್ರದ ವಂಶಾವಳಿಯನ್ನು ಮೊದಲು ನಿವೇದಿಸುತ್ತೇನೆ. 1785ರಲ್ಲಿ ಡಚ್ ವಿದ್ವಾಂಸ ವಾನ್ ಮಾರುಮ್ ವಿದ್ಯುತ್ ಕಿಡಿಗಳ ಬಳಿ ಒಂದು ವಿಚಿತ್ರ ಗಂಧವನ್ನು ಗುರುತಿಸಿದನು. ಸುಮಾರು ಅರ್ಧ ಶತಮಾನದ ತರುವಾಯ ಬಾಸೆಲ್ ನಗರದ ಶ್ಯೋನ್‌ಬೈನ್ ಅದು ಪ್ರತ್ಯೇಕ ಪದಾರ್ಥವೆಂದು ಸಾರಿ, 'ವಾಸನೆ ಬೀರು' ಎಂಬರ್ಥದ ಗ್ರೀಕ್ ಧಾತುವಿನಿಂದ ಅದಕ್ಕೆ ನಾಮಕರಣ ಮಾಡಿದನು. 1857ರಲ್ಲಿ ವೆರ್ನರ್ ಸೀಮೆನ್ಸ್ ಗಾಜಿನ ನಳಿಗೆಗಳ ನಡುವೆ ನಿಶ್ಶಬ್ದ ವಿದ್ಯುತ್ತನ್ನು ಹರಿಸಿ ಅದನ್ನು ಉತ್ಪಾದಿಸಿದನು. ಇಂತಹ ಉಚ್ಚಕುಲದ ಕುಡಿಯಾದ ನಮ್ಮ ಯಂತ್ರವು ಎರಡು ಗಾಜಿನ ಹಲಗೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಹಳೆಯ ನಿಯಾನ್ ಫಲಕದ ಟ್ರಾನ್ಸ್‌ಫಾರ್ಮರು ಮತ್ತು ಮೀನಿನ ತೊಟ್ಟಿಯ ಗಾಳಿಪಂಪುಗಳಿಂದ ಸಂಭವಿಸಿತು. ಮಳೆಗಾಲದ ಬೂಷ್ಟು ವಾಸನೆಯನ್ನು ನಿವಾರಿಸುವುದೇ ಇದರ ಅವತಾರೋದ್ದೇಶ.

ಮಾನವಶರೀರಕ್ಕೆ ಆಯುರ್ವೇದವು ಹೇಳಿದ ವಾತ, ಪಿತ್ತ, ಕಫಗಳೆಂಬ ತ್ರಿದೋಷಗಳು ಈ ಯಂತ್ರಶರೀರಕ್ಕೂ ಯಥಾವತ್ತಾಗಿ ಅನ್ವಯಿಸುವುವೆಂಬುದು ನನ್ನ ಸಿದ್ಧಾಂತ. ಆಷಾಢದ ತೇವಗಾಳಿಯೇ ಕಫ: ಅದರಿಂದ ಓಜೋನ್ ಕುಗ್ಗುವುದಲ್ಲದೆ, ಗಾಳಿಯ ಸಾರಜನಕವು ತೇವದೊಡನೆ ಕೂಡಿ ನೈಟ್ರಿಕ್ ಆಮ್ಲವಾಗಿ ಲೋಹದ ಹಾಳೆಯನ್ನೇ ತಿನ್ನುವುದು. ಗಾಳಿಯ ದಾರಿಯಲ್ಲಿಟ್ಟ ಸಿಲಿಕಾ ಜೆಲ್‌ನ ನೀಲಿ ಹರಳುಗಳು ಗುಲಾಬಿಗೆ ತಿರುಗಿದ್ದನ್ನು ಕಂಡು ಕಫಪ್ರಕೋಪವೆಂದು ನಿರ್ಣಯಿಸಿ, ಅವನ್ನು ಬಾಣಲೆಯಲ್ಲಿ ಹುರಿದೆನು. ಉಷ್ಣವೇ ಪಿತ್ತ: ಕಾದ ಗಾಜಿನ ಸಾಮೀಪ್ಯದಲ್ಲಿ ಹುಟ್ಟಿದ ಓಜೋನ್ ಅಲ್ಲಿಯೇ ಒಡೆದು ಮರಳಿ ಆಮ್ಲಜನಕವಾಗುವುದರಿಂದ, ಶೈತ್ಯೋಪಚಾರಕ್ಕಾಗಿ ಟೇಬಲ್ ಫ್ಯಾನನ್ನು ನಿಯೋಜಿಸಿದೆನು. ಇನ್ನು ವಾತವು ನಾಳಗಳಲ್ಲಿ ಸಂಚರಿಸತಕ್ಕದ್ದು. ನೋಡುವಾಗ ಮೊನ್ನೆ ತೊಡಿಸಿದ ರಬ್ಬರ್ ಕೊಳವೆಯು ಬಾಗಿದೆಡೆಯಲ್ಲೆಲ್ಲ ಬೇಸಗೆಯ ಕೆರೆಯಂಗಳದಂತೆ ಬಿರಿದಿತ್ತು. ಅದನ್ನು ಕಿತ್ತು ಸಿಲಿಕೋನ್ ಕೊಳವೆಯನ್ನು ತೊಡಿಸಿದೆನು.

ತ್ರಿದೋಷಗಳೂ ಶಮನವಾದುವು. ಮೂಗನ್ನು ಕೊಳವೆಯ ಬಾಯಿಗೊಡ್ಡಿದೆನು, ವಾಸನೆಯಿಲ್ಲ. ರೋಗವು ಅಸಾಧ್ಯವೆಂದು ಬರೆಯಲು ಲೇಖನಿಯನ್ನೆತ್ತುವಷ್ಟರಲ್ಲಿ ಹಿತ್ತಿಲಿನಿಂದ ಬಂದ ಮನೆಯಾಕೆ ಏಣಿಯ ಬುಡದಲ್ಲಿಯೇ ಸೆರಗಿನಿಂದ ಮೂಗು ಮುಚ್ಚಿ, "ಏನ್ರೀ ಇದು, ಮನೆತುಂಬ ಬ್ಲೀಚಿಂಗ್ ಪುಡಿ ವಾಸನೆ! ಕೆಮ್ಮು ಬರ್ತಿದೆ, ಮೊದಲು ಅದನ್ನ ಆರಿಸಿ" ಎಂದಳು.

ಶಬ್ದಪ್ರಮಾಣವನ್ನು ಪರೀಕ್ಷಿಸದೆ ಅಂಗೀಕರಿಸುವುದು ಪಂಡಿತಲಕ್ಷಣವಲ್ಲವಾದ್ದರಿಂದ, ಅನ್ನದ ಗಂಜಿಗೆ ಪೊಟ್ಯಾಸಿಯಂ ಅಯೊಡೈಡ್ ಬೆರೆಸಿ, ಅದರಲ್ಲಿ ಅದ್ದಿದ ಕಾಗದವನ್ನು ಕೊಳವೆಯ ಮುಂದೆ ಹಿಡಿದೆನು. ಅದು ನೋಡನೋಡುತ್ತ ನೀಲಿಗಟ್ಟಿತು. ಓಜೋನ್ ರಬ್ಬರಿನ ವೈರಿಯೆಂಬುದನ್ನು ಬಲ್ಲ ನಾನು, ಬಿರಿದ ಕೊಳವೆಯೇ ಯಂತ್ರದ ಆರೋಗ್ಯಕ್ಕೆ ಸಾಕ್ಷಿ ನುಡಿಯುತ್ತಿದ್ದಾಗ, ಆ ಸಾಕ್ಷಿಯನ್ನೇ ರೋಗವೆಂದು ಬಗೆದು ಕಿತ್ತೆಸೆದಿದ್ದೆನು. ಮೂರು ದಿನ ಓಜೋನನ್ನೇ ಮೂಸಿ ಮೂಸಿ ಮರಗಟ್ಟಿದ್ದುದು ನನ್ನ ಘ್ರಾಣೇಂದ್ರಿಯ.

ಆದಕಾರಣ ಈ ಶಾಸ್ತ್ರದ ಅಂತಿಮ ನಿರ್ಣಯವಿಷ್ಟು: ಎಂಟು ಗಂಟೆಗಳ ದುಡಿಮೆಯ ತಾಣದಲ್ಲಿ ಗಾಳಿಯ ಹತ್ತು ಲಕ್ಷ ಭಾಗಗಳಿಗೆ 0.1 ಭಾಗಕ್ಕಿಂತ ಹೆಚ್ಚು ಓಜೋನ್ ಸಲ್ಲದೆಂಬುದು ರೂಢಿಯ ಮಿತಿ. ಬಳಲಿದ ಮೂಗು ಆ ಮಿತಿಯನ್ನು ಕಾಯಲಾರದು. ಯಂತ್ರವು ಕೆಟ್ಟಿತೆಂದು ತೋರಿದೊಡನೆ ಪ್ಲಗ್ಗನ್ನು ಕಿತ್ತು, ಕಿಟಕಿಗಳನ್ನು ತೆರೆದು, ಹೊರಗಿನಿಂದ ಬಂದವರನ್ನು ಕೇಳತಕ್ಕದ್ದು.