ಥರ್ಡ್ ಕ್ಲಾಸಿನ ಚಂದ್ರಯಾತ್ರೆ

ಮೂವತ್ತೊಂದು ವರ್ಷ ನಾನು ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಹದವಾಗಿ ಬೆಂದಿದ್ದರೆ ‘ಪಾಸ್’, ಕರಕಲಾಗಿದ್ದರೆ ‘ರಿಜೆಕ್ಟ್’. ಎರಡು ರಬ್ಬರ್ ಸೀಲು, ಒಂದು ಇಂಕ್ ಪ್ಯಾಡು, ಇಷ್ಟೇ ನನ್ನ ಸಾಮ್ರಾಜ್ಯ. ರಿಟೈರಾದ ಮೇಲೂ ಚಟ ಬಿಡಲಿಲ್ಲ. ತಟ್ಟೆಗೆ ದೋಸೆ ಬಿದ್ದರೆ ಮಗುಚಿ ತಳ ನೋಡಿಯೇ ಬಾಯಿಗಿಡುತ್ತೇನೆ. “ಸೀಲು ಒತ್ತಿ ಆಯ್ತಾ? ಇನ್ನೊಂದು ಹಾಕಲಾ?” ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಕೇಳುತ್ತಾಳೆ.

ಇಂಥ ನಾನು ಮಗಳ ಬಾಣಂತನಕ್ಕೆಂದು ಹೂಸ್ಟನ್‌ಗೆ ಹೋದೆ. ಬಾಣಂತನ ಮಾಡಲು ಹೋದವಳು ಹೆಂಡತಿ. ನಾನು ಅವಳ ಲಗೇಜಿನ ಲೆಕ್ಕದಲ್ಲಿದ್ದೆ. ಮಗಳ ಮನೆ ಇರುವುದು ಕ್ಲಿಯರ್ ಲೇಕ್ ಕಡೆ, ಜಾನ್ಸನ್ ಸ್ಪೇಸ್ ಸೆಂಟರಿನ ಮಗ್ಗುಲಲ್ಲಿ. ನಮ್ಮ ಬಡಾವಣೆಯಲ್ಲಿ ಎದುರುಮನೆಯವರು ರಿಟೈರ್ಡ್ ಮೇಷ್ಟ್ರೋ ಬ್ಯಾಂಕಿನವರೋ ಆಗಿರುವಂತೆ ಅಲ್ಲಿ ಎದುರುಮನೆಯ ಅಜ್ಜ ಅಪೊಲೊ ರಾಕೆಟ್ಟಿಗೆ ದುಡಿದವನಾಗಿರುತ್ತಾನೆ. ಆ ಯೋಜನೆಗೆ ಕೆಲಸ ಮಾಡಿದವರೇ ಸುಮಾರು 4 ಲಕ್ಷ ಮಂದಿ. ಅವರು ಗರಾಜ್ ಖಾಲಿ ಮಾಡಿದಾಗ ಏನೇನು ಹೊರಬೀಳಬಹುದು, ನೀವೇ ಯೋಚಿಸಿ.

ಒಂದು ಶನಿವಾರ ಬೀದಿಯ ಕೊನೆಯ ಗರಾಜ್ ಸೇಲಿನಲ್ಲಿ ನನ್ನ ಕಣ್ಣಿಗೆ ಒಂದು ಅಲ್ಯೂಮಿನಿಯಂ ಡಬ್ಬಿ ಬಿತ್ತು. ಟಿಫಿನ್ ಕ್ಯಾರಿಯರ್ ಗಾತ್ರ, ಬೆನ್ನಿಗೆ ವೈರು ಚುಚ್ಚುವ ಸಾಕೆಟ್ಟುಗಳು, ಮೈತುಂಬ ಸೀಲುಗಳು. ಸೀಲು! ಮಠಾಧಿಪತಿಗೆ ಪಲ್ಲಕ್ಕಿ ಕಂಡ ಹಾಗಾಯಿತು. ಚೌಕಾಸಿ ಮಾಡಿ 15 ಡಾಲರಿಗೆ ತಂದೆ. “ಒಂದು ಸಾವಿರಕ್ಕೂ ಮೇಲೆ ಕೊಟ್ಟು ಮುಚ್ಚಳ ತೆಗೆಯೋಕೆ ಬಾರದ ಡಬ್ಬಿ ತಂದಿದ್ದೀರಲ್ಲ” ಎಂದಳು ಹೆಂಡತಿ.

ನಾನು ಮಾಡಿದ ಮೊದಲ ಕೆಲಸ ಅದನ್ನು ತೊಳೆದದ್ದು. ಕನ್ನಡಕ ಮೇಲಿನ ಕೋಣೆಯಲ್ಲಿತ್ತು. ಮಹಡಿ ಹತ್ತುವವರು ಯಾರು? ನಿಂಬೆಹಣ್ಣು ಹಿಂಡಿ, ಪಾತ್ರೆ ತಿಕ್ಕುವ ನಾರು ಹಿಡಿದು ಎಡತುದಿಯಿಂದ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಭುಜ ಸೋತಿತು, ನಿಲ್ಲಿಸಿದೆ. ಎಡಭಾಗ ದೇವರ ಕಂಚಿನ ಗಿಂಡಿಯಂತೆ ಫಳಫಳ. ಆಮೇಲೆ ಕನ್ನಡಕ ತರಿಸಿ ಓದಿದೆ. ಉಳಿದ ಬಲಭಾಗದಲ್ಲಿ ಮೇಲಿನ ಸಾಲಿನಲ್ಲಿ ರೋಮನ್ ಅಂಕಿಯ ಮೂರು ಗೀಟು. ಕೆಳಗಿನ ಸಾಲಿನಲ್ಲಿ ‘ಫಾರ್ ಫ್ಲೈಟ್’. ಪಕ್ಕದಲ್ಲಿ ಪುಟ್ಟ ವೃತ್ತ, ಅದರೊಳಗೆ 14.

ಎದೆ ಹೊಡೆದುಕೊಂಡಿತು. ಫಾರ್ ಫ್ಲೈಟ್, ಅಂದರೆ ಹಾರಾಟಕ್ಕೆ. ಮೂರು ಗೀಟು ಅಂದರೆ? ಚಂದ್ರನ ಮೇಲೆ ಮೊದಲು ಇಳಿದದ್ದು ಅಪೊಲೊ 11, ಎರಡನೆಯದು 12. 13 ಇಳಿಯದೆ ವಾಪಸು ಬಂತು. ಹಾಗಾದರೆ ಮೂರನೆಯ ಇಳಿಕೆ ಅಪೊಲೊ 14! ವೃತ್ತದಲ್ಲೂ 14! ಎರಡು ಸಾಕ್ಷಿ ತಾಳೆಯಾದ ಮೇಲೆ ಮೂರನೆಯದು ಯಾಕೆ ಬೇಕು? ಬಿಸ್ಕತ್ತನ್ನಾದರೂ ನಾನು ಇಷ್ಟು ಬೇಗ ಪಾಸ್ ಮಾಡಿದವನಲ್ಲ.

ಸುದ್ದಿ ಕನ್ನಡ ಕೂಟಕ್ಕೆ ಮುಟ್ಟಿತು. ಮುಟ್ಟಿಸಿದವನು ನಾನೇ. ಭಾನುವಾರದ ಊಟದ ಸಭೆಯಲ್ಲಿ ‘ಚಂದ್ರನಿಗೆ ಹೋಗಿ ಬಂದ ಡಬ್ಬಿ’ ಎಂದು ನನ್ನ ಉಪನ್ಯಾಸ ಇಟ್ಟರು. ಡಬ್ಬಿಗೆ ರೇಷ್ಮೆ ಶಲ್ಯ ಹಾಸಿದ ಮೇಜು, ನನಗೆ ಹಾರ. ಎದುರುಮನೆಯ ಅಜ್ಜನನ್ನೂ ಬಿಸಿಬೇಳೆಬಾತಿನ ಆಸೆ ತೋರಿಸಿ ಅಳಿಯ ಕರೆತಂದಿದ್ದ. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅಜ್ಜನ ಕಿವಿಯಲ್ಲಿ ಇಂಗ್ಲಿಷಿಗೆ ಮಾಡುತ್ತಿದ್ದ. ಅದು ನನಗೆ ಆಗ ಗೊತ್ತಿರಲಿಲ್ಲ.

ನಾನು ಜಮಾಯಿಸಿದೆ. ಪ್ರತಿ ಸ್ಕ್ರೂವಿನ ತಲೆಯ ಮೇಲೂ ಒಂದೊಂದು ಕೆಂಪು ಗೆರೆ ಇತ್ತು. “ನೋಡಿ, ಇಂಥ ಅಮೆರಿಕದವರೂ ಆಯುಧಪೂಜೆ ಮಾಡಿ ಕುಂಕುಮ ಇಟ್ಟೇ ರಾಕೆಟ್ ಬಿಡುತ್ತಿದ್ದರು!” ಚಪ್ಪಾಳೆ. ಮೂರು ಗೀಟು ತೋರಿಸಿ ಅಪೊಲೊ 14ರ ಲೆಕ್ಕ ಬಿಡಿಸಿದೆ. ಜೋರು ಚಪ್ಪಾಳೆ. ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿಯ ಮೇಲೆ ‘3ಕ್ಯೂ66’ ಎಂದಿತ್ತು. ಅದನ್ನೂ ಬಿಡಲಿಲ್ಲ. “ಉಡಾವಣೆಗೆ ಕಾಯುತ್ತಿದ್ದ 66 ಡಬ್ಬಿಗಳ ಕ್ಯೂನಲ್ಲಿ ಇದು 3ನೆಯದು” ಎಂದೆ. ಒಬ್ಬ ಹಿರಿಯರು ಎದ್ದು ಬಂದು ಡಬ್ಬಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಅಜ್ಜ ಎದ್ದ. ತೊಂಬತ್ತರ ಆಸುಪಾಸು, ಕೈಯಲ್ಲಿ ಕೋಲು, ಜೇಬಿನಲ್ಲಿ ಭೂತಗನ್ನಡಿ. ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಊಟಕ್ಕೆ ಬರುವವನು ಯಾರೆಂದು ನನಗೆ ಹೊಳೆಯಬೇಕಿತ್ತು. ಅಜ್ಜನೂ ಇನ್‌ಸ್ಪೆಕ್ಟರೇ. ಬಿಸ್ಕತ್ತಿನವನಲ್ಲ, ಅಷ್ಟೆ.

“ಇದು ಕುಂಕುಮ ಅಲ್ಲ” ಎಂದ, ಬಹಳ ಮೆಲ್ಲಗೆ. ಸ್ಕ್ರೂವನ್ನು ಗೊತ್ತಾದಷ್ಟು ಬಲದಿಂದ ಬಿಗಿದ ಮೇಲೆ ಅದರ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಅರಗಿನಂಥ ಬಣ್ಣ ಎಳೆಯುತ್ತಾರಂತೆ. ಸ್ಕ್ರೂ ಆಮೇಲೆ ಒಂದು ಕೂದಲೆಳೆ ತಿರುಗಿದರೂ ಗೆರೆ ಬಿರುಕು ಬಿಡುತ್ತದೆ, ದೂರದಿಂದಲೇ ಗೊತ್ತಾಗುತ್ತದೆ.

“14 ಅಪೊಲೊ ನಂಬರ್ ಅಲ್ಲ, ಮನುಷ್ಯನ ನಂಬರ್.” ಪ್ರತಿ ತಪಾಸಕನಿಗೂ ಅವನದೇ ನಂಬರಿನ ಸೀಲು. ಯಾವುದೇ ಸೀಲು ಕಂಡರೆ ಅದನ್ನು ಒತ್ತಿದವನು ಯಾರೆಂದು ಪುಸ್ತಕದಲ್ಲಿ ಹುಡುಕಿ ಹಿಡಿಯಬಹುದು. ಕಳೆದುಹೋದರೆ ವರದಿ ಕೊಡಬೇಕು. ಆ ನಂಬರನ್ನು ಮತ್ತೊಬ್ಬನಿಗೆ ಸುಮ್ಮನೆ ಕೊಡುವುದಿಲ್ಲ. ಪಕ್ಕದ ಇನ್ನೊಂದು ಆಕಾರದ ಸೀಲು ಸರ್ಕಾರದ ತಪಾಸಕನದು. ಕಂಪನಿಯವನು ನೋಡಿದ್ದನ್ನು ನೋಡಿದ್ದಾನೆಯೇ ಎಂದು ನೋಡುವವನು.

ಇಲ್ಲಿ ಮಗಳು ಕಿಸಕ್ಕೆಂದಳು. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ನನ್ನ ‘ಪಾಸ್’ ಸೀಲನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ, ತನ್ನ ಲೆಕ್ಕದ ಪುಸ್ತಕದಿಂದ ಹಿಡಿದು ಗೆಳತಿಯರ ಕೆನ್ನೆಯವರೆಗೆ ಒತ್ತಿ ಬಂದಿದ್ದಳು. ನಾನು ವರದಿ ಕೊಟ್ಟಿರಲಿಲ್ಲ. ಆ ದಿನ ಅಷ್ಟೂ ಬಿಸ್ಕತ್ತು ಪೆನ್ನಿನಲ್ಲಿ ಪಾಸಾಗಿತ್ತು.

“3ಕ್ಯೂ66 ಅಂದರೆ 1966ರ ಮೂರನೆಯ ತ್ರೈಮಾಸಿಕ, ಆ ರಬ್ಬರನ್ನು ಬೇಯಿಸಿದ ಕಾಲ” ಎಂದ ಅಜ್ಜ. ರಬ್ಬರಿಗೂ ವಯಸ್ಸಾಗುತ್ತದೆ, ಅದಕ್ಕೇ ತಾರೀಖು. ಸಭೆಯೆಲ್ಲ ನನ್ನತ್ತ ತಿರುಗಿತು. ಮೂವತ್ತೊಂದು ವರ್ಷ ಬೇಯಿಸಿದ ತಾರೀಖನ್ನೇ ಓದಿ ಸಂಬಳ ತಿಂದವನು ನಾನು.

ಕೊನೆಗೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದ. ನಾನು ತಿಕ್ಕಿ ಹೊಳೆಸಿದ ಎಡಭಾಗದಲ್ಲಿ ದೆವ್ವದ ಹಾಗೆ ಅಕ್ಷರಗಳು ಮೂಡಿದವು. ಮೇಲಿನ ಸಾಲಿನಲ್ಲಿ ‘ಕ್ಲಾಸ್’. ಕೆಳಗಿನ ಸಾಲಿನಲ್ಲಿ ‘ನಾಟ್’.

ಕ್ಲಾಸ್ ಥ್ರೀ. ನಾಟ್ ಫಾರ್ ಫ್ಲೈಟ್.

ಒಂದನೇ ಕ್ಲಾಸಿನದು ಹಾರಲು ಯೋಗ್ಯ. ಮೂರನೆಯದು ನೆಲದ ಮೇಲೆ ತರಬೇತಿಗೆ, ಮಾದರಿಗೆ. ಹಾರುವ ಸಾಮಾನಿನ ಜೊತೆ ಅಪ್ಪಿತಪ್ಪಿಯೂ ಬೆರೆಯದಿರಲಿ ಎಂದು ಅಷ್ಟು ದಪ್ಪಕ್ಷರದಲ್ಲಿ ಬರೆದದ್ದನ್ನು ನಾನು ನಿಂಬೆಹಣ್ಣಿನಲ್ಲಿ ಬೆರೆಸಿಬಿಟ್ಟಿದ್ದೆ. ನಮ್ಮ ಹಳೆಯ ರೈಲಿನಲ್ಲಾದರೆ ಥರ್ಡ್ ಕ್ಲಾಸಿನವರೂ ಊರು ತಲುಪುತ್ತಿದ್ದರು.

ಮಾನ ಉಳಿಸಿಕೊಳ್ಳಲು ಒಂದು ಕೊನೆಯ ಬಾಣ ಬಿಟ್ಟೆ: “ಎರಡೆರಡು ಸೀಲು ಬಿದ್ದಿದೆಯಲ್ಲ ಸ್ವಾಮಿ?” ಅಜ್ಜ ನಕ್ಕ. “ಅಪೊಲೊ 13ರ ಆಮ್ಲಜನಕದ ಟ್ಯಾಂಕೂ ತಪಾಸಣೆ ದಾಟಿಯೇ ಹೋಗಿತ್ತು” ಎಂದ. ಕಾರ್ಖಾನೆಯಲ್ಲಿ ಅದು ಸುಮಾರು 5 ಸೆಂಟಿಮೀಟರ್ ಎತ್ತರದಿಂದ ಕುಕ್ಕಿತ್ತು. ಅದರೊಳಗಿನ ಥರ್ಮೋಸ್ಟಾಟ್ ಸ್ವಿಚ್ಚು 28 ವೋಲ್ಟಿನದು, ಉಡಾವಣಾ ನೆಲೆಯ ಕರೆಂಟು 65 ವೋಲ್ಟಿನದು. ಸ್ವಿಚ್ಚು ಬೆಸೆದುಕೊಂಡಿತು, ಒಳಗಿನ ವೈರಿನ ಹೊದಿಕೆ ಸುಟ್ಟಿತು. 1970ರ ಏಪ್ರಿಲ್ 13ರಂದು ಟ್ಯಾಂಕು ಬಾಹ್ಯಾಕಾಶದಲ್ಲಿ ಸಿಡಿಯಿತು. “ಸೀಲು ಹೇಳುವುದು ‘ಇಷ್ಟನ್ನು ನಾನು ನೋಡಿದೆ’ ಅಂತ ಮಾತ್ರ. ನೋಡದ್ದನ್ನು ನೀನು ಅದರ ಬಾಯಲ್ಲಿ ಹೇಳಿಸಬಾರದು.”

ನನ್ನ ಮುಖ ನೋಡಿ ಅಜ್ಜನಿಗೇ ಕನಿಕರವಾಗಿರಬೇಕು. 1976ರಲ್ಲಿ ಗುಜರಿ ಸಾಮಾನಿನ ಜೊತೆ ಒಬ್ಬರಿಗೆ ಅಪೊಲೊ ಕಂಪ್ಯೂಟರೊಂದು ಸಿಕ್ಕಿತ್ತಂತೆ. ಅದೂ ಹಾರಿದ್ದಲ್ಲ, ಎಲ್‌ಟಿಎ-8 ಎಂಬ ಪರೀಕ್ಷಾ ನೌಕೆಯದು. ಆ ನೌಕೆಯನ್ನು 1968ರಲ್ಲಿ ಹೂಸ್ಟನ್ನಿನ ನಿರ್ವಾತ ಕೋಣೆಯೊಳಗಿಟ್ಟು ಪರೀಕ್ಷಿಸಿದ ಮೇಲೆಯೇ ಉಳಿದವು ಚಂದ್ರನ ಕಡೆ ಹೊರಟದ್ದು. ಚಂದ್ರನ ಮೇಲೆ ಮನುಷ್ಯ ಇಳಿದ 50ನೇ ವರ್ಷಕ್ಕೆ, 2019ರಲ್ಲಿ, ಉತ್ಸಾಹಿಗಳು ಆ ಕಂಪ್ಯೂಟರನ್ನು ಮತ್ತೆ ಓಡಿಸಿದರು. “ಅವರು ತಿಕ್ಕಲಿಲ್ಲ” ಎಂದು ಅಜ್ಜ ಸೇರಿಸಿ, ಬಿಸಿಬೇಳೆಬಾತಿನ ಕಡೆ ನಡೆದ.

ಆದ್ದರಿಂದ ಓದುಗರಲ್ಲಿ ಬಿನ್ನಹ: ಹಳೆಯ ವಸ್ತು ಸಿಕ್ಕರೆ ತೊಳೆಯಬೇಡಿ, ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಅದಕ್ಕೂ ಮೊದಲು ಮಹಡಿ ಹತ್ತಿ ಕನ್ನಡಕ ತನ್ನಿ.

ಡಬ್ಬಿ ಈಗ ಮಗಳ ಹಿತ್ತಲಿನಲ್ಲಿದೆ. ಹೆಂಡತಿ ಸಂಡಿಗೆ ಇಟ್ಟ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರಿಹೋಗದಂತೆ ಅದರ ಮೂಲೆಯ ಮೇಲೆ ಕೂತಿದೆ. ನಾಟ್ ಫಾರ್ ಫ್ಲೈಟ್ ಎಂದು ಬರೆಸಿಕೊಂಡದ್ದಕ್ಕೆ ತಕ್ಕ ಕೆಲಸವೇ. ಪಾಸ್ ಮಾಡಿದ್ದೇನೆ, ಈ ಸಲ ಕನ್ನಡಕ ಹಾಕಿಕೊಂಡು.